ಒಂದೇ ಥರ ಕಾಣುವ ಇಂಗ್ಲಿಷ್ ಪದಗಳು: ಪಟ್ಟಿ ಬೇಡ, ಕನ್ನಡದ ದಾರಿ ಇದ್ದರೆ ಹೇಳಿ

ಸಂಜೆಪಾಠ:
ಡಿಗ್ರಿ ಮುಗಿಸಿದ ಕೆಲವು ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ವ್ಯಾಕರಣದ ನಿಯಮ ಕೇಳಿದರೆ ಪಟಪಟ ಹೇಳುತ್ತಾರೆ, ಅರ್ಜಿ ಬರೆಯಲು ಕೂತರೆ ಮಾತ್ರ ಜೋಡಿ ಪದಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ವಾಟ್ಸಾಪಲ್ಲಿ "ನೂರು ಕನ್‌ಫ್ಯೂಸಿಂಗ್ ಪದಗಳು" ಅಂತ ಪಿಡಿಎಫ್ ಓಡಾಡುತ್ತಲೇ ಇರುತ್ತದೆ, ಅಲ್ವಾ? ಅದನ್ನು ಬಾಯಿಪಾಠ ಮಾಡಿದವರನ್ನೂ ನೋಡಿದ್ದೇನೆ. ಎರಡು ಪದ, ಎರಡು ಅರ್ಥ, ಎರಡೂ ನೆನಪಿದೆ. ಯಾವುದು ಯಾವುದಕ್ಕೆ ಅನ್ನುವುದೇ ಮರೆತುಹೋಗಿದೆ.

ಹಾಗಾಗಿ ನಾನು ಬೇರೆ ದಾರಿ ಹಿಡಿದಿದ್ದೇನೆ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ. ಕನ್ನಡದಲ್ಲೇ ಎರಡು ಬೇರೆ ರೂಪ ಬಂದರೆ ಅಲ್ಲಿಗೆ ಮುಗಿಯಿತು, ಇಂಗ್ಲಿಷ್‌ನಲ್ಲೂ ಎರಡು. ಒಂದು ಉದಾಹರಣೆ: 'ಹೂಸ್' ಅನ್ನುವುದನ್ನು ಎರಡು ಥರ ಬರೆಯುತ್ತಾರೆ. ಮೇಲೆ ಕೊಂಬು, ಅಂದರೆ ಅಪಾಸ್ಟ್ರಫಿ ಚಿಹ್ನೆ ಹಾಕಿ ಒಂದು, ಕೊನೆಗೆ ಎಸ್-ಇ ಹಾಕಿ ಇನ್ನೊಂದು. ಕನ್ನಡದಲ್ಲಿ 'ಯಾರು ಬರುತ್ತಿದ್ದಾರೆ' ಅಂದರೆ ಕೊಂಬಿರುವುದು. 'ಯಾರ ಚಪ್ಪಲಿ ಇದು' ಅಂದರೆ ಎಸ್-ಇ ಇರುವುದು. ಯಾರು ಮತ್ತು ಯಾರ, ಅಷ್ಟೇ ವ್ಯತ್ಯಾಸ. 'ಇಟ್ಸ್' ಕೂಡ ಹಾಗೇ. 'ಅದರ' ಬಂದರೆ ಕೊಂಬು ಬೇಡ, 'ಅದು' ಬಂದರೆ ಕೊಂಬು ಬೇಕು. 'ಯುವರ್' ಜೋಡಿಗೆ ನಿಮ್ಮ ಮತ್ತು ನೀವು. 'ದೇರ್' ಮೂರಕ್ಕೆ ಅವರ, ಅವರು, ಅಲ್ಲಿ. ನಮ್ಮ ವಿಭಕ್ತಿ ಪ್ರತ್ಯಯ ಈ ಕೆಲಸವನ್ನು ಆಗಲೇ ಮಾಡಿಟ್ಟಿದೆ. ಇಂಗ್ಲಿಷ್ ಮನೆಮಾತಿನವರೇ ಇದರಲ್ಲಿ ದಿನಾ ಎಡವುತ್ತಾರೆ. ಅವರಿಗೆ ಎರಡೂ ಕಿವಿಗೆ ಒಂದೇ, ನಮಗೆ ಹಾಗಲ್ಲ.

ಇಂಥ ಬೇರೆ ಜೋಡಿಗಳು ನಿಮ್ಮ ಹತ್ತಿರ ಇದ್ದರೆ ಬರೆಯಿರಿ. ಕನ್ನಡ ಕೈಕೊಡುವ ಜಾಗ ಇದ್ದರೆ ಅದನ್ನೂ ಬರೆಯಿರಿ, ಅದು ಇನ್ನೂ ಮುಖ್ಯ.

ಕೋಡುಬಳೆ:
ಸರ್, ಇದು ಚೆನ್ನಾಗಿದೆ. ನಮ್ಮ ಕಾಲದಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ. 'ಹೂ' ಮತ್ತು 'ಹೂಮ್' ಕೂಡ ಇದೇ ಲೆಕ್ಕ ತಾನೇ? ಯಾರು ಅಂದರೆ ಹೂ, ಯಾರನ್ನು ಅಥವಾ ಯಾರಿಗೆ ಅಂದರೆ ಹೂಮ್?

ಸಂಜೆಪಾಠ:
ಹೌದು ಮೇಡಂ, ಅದೇ ಲೆಕ್ಕ. ಆದರೆ ಮಾತಿನಲ್ಲಿ 'ಹೂಮ್' ಈಗ ಕಡಿಮೆ. 'ಹೂ ಡಿಡ್ ಯು ಮೀಟ್' ಅಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಅರ್ಜಿಯಲ್ಲಿ, ಕಚೇರಿ ಪತ್ರದಲ್ಲಿ ಹಾಕಿದರೆ ಸಾಕು. 'ಬಿಟ್ವೀನ್ ಯು ಅಂಡ್ ಐ' ಅನ್ನುವವರಿಗೂ ಇದೇ ಮದ್ದು. 'ನಿನ್ನ ನನ್ನ ನಡುವೆ' ಅನ್ನುತ್ತೇವೆ, 'ನೀನು ನಾನು ನಡುವೆ' ಅನ್ನುವುದಿಲ್ಲ. ಆದ್ದರಿಂದ ಅಲ್ಲಿ 'ಮಿ' ಬರಬೇಕು.

ಧಾರವಾಡದ ಪೇಢೆ:
ಒಳ್ಳೆಯ ವಿಷಯ ತೆಗೆದಿರಿ ಸರ. ನಾನು ಕಿವಿಯ ಕಡೆಯಿಂದ ಬರುತ್ತೇನೆ. ನಮ್ಮ ಅರ್ಧ ಗೊಂದಲ ಅರ್ಥದ್ದಲ್ಲ, ಸದ್ದಿನದು. ಇಂಗ್ಲಿಷ್‌ನ ಜ಼ಡ್ ಸದ್ದು ನಮ್ಮ ಮಾತಿನಲ್ಲಿ ಇಲ್ಲ. ಲಿಪಿಯಲ್ಲಿ ಜ ಕೆಳಗೆ ಎರಡು ಚುಕ್ಕಿ ಇಡಬಹುದು, ಇಡುವವರು ಎಷ್ಟು ಮಂದಿ? ಪದದ ಕೊನೆಗೆ ಆ ಸದ್ದು ಬಂದರೆ ನಾವು 'ಸ್' ಮಾಡಿ ಬಿಡುತ್ತೇವೆ. ಹಾಗಾಗಿ ಓಟದ ಸ್ಪರ್ಧೆಯಲ್ಲಿ ಗೆದ್ದವನಿಗೂ ಫಸ್ಟ್ 'ಪ್ರೈಸ್', ಅಂಗಡಿಯಲ್ಲಿ ಟೊಮೆಟೊಗೂ 'ಪ್ರೈಸ್'. ಇಂಗ್ಲಿಷ್‌ನಲ್ಲಿ ಬಹುಮಾನಕ್ಕೆ ಜ಼ಡ್ ಸದ್ದು ಮತ್ತು ಜ಼ಡ್ ಅಕ್ಷರ ಎರಡೂ ಇದೆ. ಬೆಲೆಗೆ ಸಿ.

ಇದರ ದೊಡ್ಡಣ್ಣ 'ಲೂಸ್'. ಎಲ್ಲ ಕಡೆ ನೋಡಿ, "ಐ ಡೋಂಟ್ ವಾಂಟ್ ಟು ಲೂಸ್ ದಿಸ್ ಜಾಬ್" ಅಂತ ಬರೆದು ಎರಡು ಓ ಹಾಕಿರುತ್ತಾರೆ. ಎರಡು ಓ ಇರುವುದು ಸಡಿಲ. ಪ್ಯಾಂಟು ಲೂಸ್, ನಟ್ಟು ಲೂಸ್, ನಮ್ಮಲ್ಲಿ ತಲೆ ಕೆಟ್ಟವನನ್ನು ಬೈಯುವುದಕ್ಕೂ 'ಅವನು ಲೂಸು'. ಅದನ್ನು ನಾವು ಕನ್ನಡ ಮಾಡಿಕೊಂಡು ಎಷ್ಟೋ ಕಾಲ ಆಯಿತು, ಆದ್ದರಿಂದ ಅದೇ ಕೈಗೆ ಮೊದಲು ಬರುತ್ತದೆ. ಕಳೆದುಕೊಳ್ಳುವುದು, ಸೋಲುವುದು ಅಂದರೆ ಒಂದೇ ಓ. ಸದ್ದು 'ಲೂಜ಼್'. ಕಳೆದುಕೊಂಡಾಗ ಒಂದು ಓ ಕಳೆದುಹೋಗುತ್ತದೆ ಅಂತ ನಮ್ಮ ಮಗಳಿಗೆ ಹೇಳಿಕೊಟ್ಟಿದ್ದೇನೆ. ಅವಳು ಈಗ ನನ್ನನ್ನೇ ತಿದ್ದುತ್ತಾಳೆ.

'ಅಡ್ವೈಸ್' ಹಾಗೇ. ಸಲಹೆ ಅನ್ನುವ ನಾಮಪದಕ್ಕೆ ಸಿ, ಸದ್ದು 'ಸ್'. ಸಲಹೆ ಕೊಡು ಅನ್ನುವ ಕ್ರಿಯಾಪದಕ್ಕೆ ಎಸ್, ಸದ್ದು ಜ಼ಡ್. ನಾಮಪದಕ್ಕೆ 'ಅಡ್ವೈಸಸ್' ಅಂತ ಬಹುವಚನ ಮಾತ್ರ ಮಾಡಬೇಡಿ. ನಾವು 'ಸಲಹೆಗಳು' ಅನ್ನುತ್ತೇವೆ, ಇಂಗ್ಲಿಷ್‌ನವರು ಅದನ್ನು ನೀರು, ಅಕ್ಕಿ ಥರ ಎಣಿಸದೆ ಬಿಡುತ್ತಾರೆ.

ಹಳೇಮೈಸೂರು:
ಸದ್ದಿನ ಮಾತು ಬಂತು ಅಂದಮೇಲೆ ನಮ್ಮ ಹಕಾರವನ್ನು ಬಿಟ್ಟರೆ ಹೇಗೆ? ನಮ್ಮ ಕಡೆ ಹಾಲು ಆಲು, ಹೋಟೆಲು ಓಟ್ಲು. ಇಂಗ್ಲಿಷ್‌ಗೂ ಅದೇ ಪ್ರಸಾದ. 'ಹಿಲ್' ಹೇಳಲು ಹೋಗಿ 'ಇಲ್', ಬೆಟ್ಟ ಹತ್ತಬೇಕಾದವನು ಕಾಯಿಲೆ ಬೀಳುತ್ತಾನೆ. ಆಮೇಲೆ ಯಾರೋ ನಕ್ಕರು ಅಂತ ಇಲ್ಲದ ಕಡೆಯೆಲ್ಲ ಹ ಸೇರಿಸುವುದು ಇನ್ನೊಂದು ಅವಾಂತರ. 'ಹೆಗ್ ರೈಸ್' ಕೇಳಿದ್ದೀರಾ? ನಾನು ಕೇಳಿದ್ದೇನೆ.

ವಿ ಮತ್ತು ಡಬ್ಲ್ಯೂ ಕೂಡ. ಎರಡಕ್ಕೂ ನಮ್ಮ ಹತ್ತಿರ ಒಂದೇ ವ. ದಿಕ್ಕಿಗೂ 'ವೆಸ್ಟ್', ಬನಿಯನ್‌ಗೂ 'ವೆಸ್ಟ್'. ಮಾತಾಡುವಾಗ ಸಂದರ್ಭ ಕಾಪಾಡುತ್ತದೆ, ಬರೆಯುವಾಗ ಕಾಪಾಡುವುದಿಲ್ಲ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯೂಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ನೋಡಿಕೊಂಡರೆ ಗೊತ್ತಾಗುತ್ತದೆ.

ಕೌಂಟರ್ ನಂಬರ್ ಮೂರು:
ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನಮಗೆ ಬರುವ ಅರ್ಜಿಗಳಲ್ಲಿ ಒಂದಿಷ್ಟು ಜೋಡಿ ಖಾಯಂ.

'ಪ್ರಿನ್ಸಿಪಲ್' ಮೊದಲನೆಯದು. ಕೊನೆಗೆ ಪಿ-ಎ-ಎಲ್ ಬರುವುದು, ಪಿ-ಎಲ್-ಇ ಬರುವುದು. ಶಾಲೆಯಲ್ಲಿ "ಪ್ರಿನ್ಸಿಪಾಲರು ನಿಮ್ಮ ಪಾಲ್, ಅಂದರೆ ಗೆಳೆಯ" ಅಂತ ಹೇಳಿಕೊಡುತ್ತಾರೆ. ಯಾವ ಮಗು ಅದನ್ನು ನಂಬುತ್ತದೋ ಗೊತ್ತಿಲ್ಲ! ಬ್ಯಾಂಕಿಗೆ ಬಂದಾಗ ಅದು ಕೆಲಸಕ್ಕೂ ಬರುವುದಿಲ್ಲ. ಸಾಲದ ಅಸಲಿಗೂ ಪಿ-ಎ-ಎಲ್. ಜನ ಅಲ್ಲಿ ಪಿ-ಎಲ್-ಇ ಬರೆದು "ನನ್ನ ತತ್ವವನ್ನು ತೀರಿಸಿದ್ದೇನೆ" ಅಂತ ಪತ್ರ ಕೊಡುತ್ತಾರೆ. ಕನ್ನಡದಲ್ಲಿ 'ಮುಖ್ಯ', 'ಪ್ರಧಾನ', 'ಅಸಲು' ಇವುಗಳಲ್ಲಿ ಯಾವುದಾದರೂ ಒಪ್ಪಿದರೆ ಪಿ-ಎ-ಎಲ್. ಮುಖ್ಯೋಪಾಧ್ಯಾಯರು, ಸರ್ಕಾರದ ಪ್ರಧಾನ ಕಾರ್ಯದರ್ಶಿ, ಸಾಲದ ಅಸಲು, ಮೂರೂ ಒಂದೇ ಪದ. 'ತತ್ವ', 'ನಿಯಮ' ಅಂದರೆ ಮಾತ್ರ ಇನ್ನೊಂದು.

'ವೇವ್' ಎರಡನೆಯದು. ಮನ್ನಾ ಮಾಡುವುದಕ್ಕೆ ನಡುವೆ ಐ ಇದೆ, ಕೈಬೀಸುವುದಕ್ಕೆ ಇಲ್ಲ. ಸಾಲಮನ್ನಾ ಸುದ್ದಿ ಬಂದಾಗಲೆಲ್ಲ ಐ ಇಲ್ಲದ ಅರ್ಜಿಗಳು ಬರುತ್ತವೆ. ದಂಡದ ಬಡ್ಡಿಗೆ ಕೈಬೀಸಿ ಅಂತ ಕೇಳಿದ ಹಾಗಾಗುತ್ತದೆ. 'ವೇವರ್' ಅನ್ನುವುದೂ ಎರಡಿದೆ. ಐ ಇದ್ದರೆ ಮನ್ನಾ, ಇಲ್ಲದಿದ್ದರೆ ಹಿಂದೆಮುಂದೆ ನೋಡುವುದು.

ಆಮೇಲೆ ಇನ್ಶೂರ್, ಎನ್ಶೂರ್, ಅಶೂರ್. ಕನ್ನಡದಲ್ಲಿ ಇವಕ್ಕೆ ಮೂರು ಬೇರೆ ಮಾತು ಇದೆ. ವಿಮೆ ಮಾಡಿಸುವುದು ಇನ್ಶೂರ್. ಖಾತ್ರಿ ಮಾಡಿಕೊಳ್ಳುವುದು ಎನ್ಶೂರ್. ಒಬ್ಬರಿಗೆ ಭರವಸೆ ಕೊಡುವುದು ಅಶೂರ್, ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕೇ ಬೇಕು. ಇಷ್ಟು ಹೇಳಿದ ಮೇಲೆ ಜನ ಕೇಳುತ್ತಾರೆ, ಪಾಲಿಸಿ ಬಾಂಡಿನಲ್ಲಿ ಯಾಕೆ 'ಸಮ್ ಅಶೂರ್ಡ್' ಅಂತಿದೆ? ಅದು ಹಳೆಯ ರೂಢಿ. ಬೆಂಕಿ, ಕಳ್ಳತನದಂತೆ ಆಗಲೂಬಹುದು, ಆಗದೆಯೂ ಇರಬಹುದು ಅನ್ನುವುದಕ್ಕೆ ಇನ್ಶೂರೆನ್ಸ್. ಸಾವಿನಂತೆ ಬಂದೇ ಬರುವುದಕ್ಕೆ ಅಶೂರೆನ್ಸ್. ಎಲ್‌ಐಸಿ 1956ರಲ್ಲಿ ಶುರುವಾದಾಗ ಹೆಸರಿನಲ್ಲಿ ಇನ್ಶೂರೆನ್ಸ್ ಅಂತಲೇ ಇಟ್ಟುಕೊಂಡಿತು, ಬಾಂಡಿನೊಳಗೆ ಹಳೆಯ ಮಾತು ಉಳಿದಿದೆ.

ಯಾಕ್ ಬೇಕ್ರೀ:
ಇಷ್ಟೆಲ್ಲ ತಲೆಬಿಸಿ ಯಾಕೆ? ಫೋನೇ ತಿದ್ದುತ್ತದೆ. ಈಗಂತೂ ಎಐಗೆ ಕನ್ನಡದಲ್ಲಿ ಹೇಳಿದರೆ ಪೂರ್ತಿ ಅರ್ಜಿ ಇಂಗ್ಲಿಷ್‌ನಲ್ಲಿ ಬರೆದು ಕೊಡುತ್ತದೆ. ಜೊತೆಗೆ ಕನ್ನಡದ ಮೂಲಕ ಯೋಚಿಸಿ ಇಂಗ್ಲಿಷ್ ಬರೆಯುವುದು ಸುತ್ತಿ ಬಳಸಿ ಹೋದ ಹಾಗೆ. ನೇರವಾಗಿ ಇಂಗ್ಲಿಷ್‌ನಲ್ಲೇ ಯೋಚಿಸುವುದನ್ನು ಕಲಿಸಿ.

ಸಂಜೆಪಾಠ:
ಫೋನು ತಿದ್ದುವುದು ಮುಖ್ಯವಾಗಿ ಕಾಗುಣಿತವನ್ನು. ಈ ಜೋಡಿಗಳಲ್ಲಿ ಎರಡೂ ಸರಿಯಾದ ಪದಗಳೇ. ಒಂದು ಓ ಇದ್ದರೂ ಪದ, ಎರಡಿದ್ದರೂ ಪದ. ಕೆಂಪು ಗೆರೆ ಎಷ್ಟೋ ಸಲ ಬೀಳುವುದೇ ಇಲ್ಲ. ಎಐ ಬರೆದು ಕೊಡಬಹುದು, ಒಪ್ಪುತ್ತೇನೆ. ಆದರೆ ಪರೀಕ್ಷಾ ಕೊಠಡಿಯಲ್ಲಿ, ಸಂದರ್ಶನದಲ್ಲಿ ಅದು ಪಕ್ಕದಲ್ಲಿ ಇರುವುದಿಲ್ಲ. ಬರೆದುಕೊಟ್ಟದ್ದು ಸರಿ ಇದೆಯಾ ಅಂತ ನೋಡುವುದಕ್ಕಾದರೂ ಗೊತ್ತಿರಬೇಕಲ್ಲ.

ಇಂಗ್ಲಿಷ್‌ನಲ್ಲೇ ಯೋಚಿಸಿ ಅನ್ನುವುದು ಹೇಳಲು ಸುಲಭ. ಇಪ್ಪತ್ತೆರಡು ವರ್ಷದ ಹುಡುಗಿಗೆ ಯೋಚನೆ ಬರುವುದೇ ಕನ್ನಡದಲ್ಲಿ. ಅದನ್ನು ನಿಲ್ಲಿಸು ಅಂದರೆ ಅವಳು ಯೋಚಿಸುವುದನ್ನೇ ನಿಲ್ಲಿಸುತ್ತಾಳೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಕನ್ನಡವೇ ಕಾಲೆಳೆಯುವ ಜಾಗಗಳಿವೆ. 'ಸಿನ್ಸ್' ಮತ್ತು 'ಫಾರ್' ನೋಡಿ. "ನಾನು 2019ರಿಂದ ಇಲ್ಲಿದ್ದೇನೆ", "ನಾನು ಮೂರು ವರ್ಷದಿಂದ ಇಲ್ಲಿದ್ದೇನೆ". ನಮಗೆ ಎರಡರಲ್ಲೂ 'ಇಂದ'. ಅದಕ್ಕೇ ಕರ್ನಾಟಕದ ಯಾವ ಆಫೀಸಿಗೆ ಹೋದರೂ 'ಸಿನ್ಸ್ ತ್ರೀ ಇಯರ್ಸ್' ಕೇಳಿಸುತ್ತದೆ. ಇಲ್ಲಿ ಪ್ರತ್ಯಯ ನೋಡಿದರೆ ಪ್ರಯೋಜನ ಇಲ್ಲ, ಪ್ರಶ್ನೆ ಹಾಕಬೇಕು. 'ಯಾವಾಗಿನಿಂದ' ಅಂತ ಕೇಳಿದರೆ ಉತ್ತರ 2019, ಸೋಮವಾರ, ಮದುವೆಯಾದಾಗಿನಿಂದ. ಅಲ್ಲಿ ಸಿನ್ಸ್. 'ಎಷ್ಟು ಕಾಲ' ಅಂತ ಕೇಳಿದರೆ ಉತ್ತರ ಮೂರು ವರ್ಷ, ಎರಡು ಗಂಟೆ. ಅಲ್ಲಿ ಫಾರ್.

ಅದೇ 'ಬೈ' ಮತ್ತು 'ಟಿಲ್' ವಿಷಯಕ್ಕೆ ಬನ್ನಿ, ಕನ್ನಡ ಮತ್ತೆ ಕೈ ಹಿಡಿಯುತ್ತದೆ. ಸೋಮವಾರದೊಳಗೆ ಕೊಡುತ್ತೇನೆ ಅಂದರೆ ಬೈ. ಸೋಮವಾರದ ತನಕ ಇರುತ್ತೇನೆ ಅಂದರೆ ಟಿಲ್. 'ಐ ವಿಲ್ ಸಬ್‌ಮಿಟ್ ಟಿಲ್ ಮಂಡೇ' ಅಂತ ಬರೆದವನಿಗೆ, ಸೋಮವಾರದ ತನಕ ಕೊಡುತ್ತಲೇ ಇರುತ್ತೀಯಾ ಅಂತ ಕೇಳಿದರೆ ಅವನಿಗೇ ನಗು ಬರುತ್ತದೆ.

ಪದಬೇಟೆ:
ತಡವಾಗಿ ನೋಡಿದೆ. ಈ ಎಳೆಗೆ ನನ್ನ ಇಷ್ಟದ ಜೋಡಿಗಳನ್ನು ಸೇರಿಸುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

'ರೈಸ್' ಮತ್ತು 'ರೇಸ್', 'ಲೈ' ಮತ್ತು 'ಲೇ', 'ಸಿಟ್' ಮತ್ತು 'ಸೆಟ್', 'ಫಾಲ್' ಮತ್ತು 'ಫೆಲ್'. ಇವನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಸಕರ್ಮಕ, ಅಕರ್ಮಕ ಅಂತ ಹೇಳಿ ಹೆದರಿಸುತ್ತಾರೆ. ಕನ್ನಡದವರಿಗೆ ಹೆದರಿಕೆ ಯಾಕೆ? ನಮ್ಮ ಹತ್ತಿರ 'ಇಸು' ಇದೆ. ಏರು, ಏರಿಸು. ಮಲಗು, ಮಲಗಿಸು. ಕೂರು, ಕೂರಿಸು. ಬೀಳು, ಬೀಳಿಸು. ಇಸು ಬಂದರೆ ಎರಡನೆಯ ಪದ, ಬರದಿದ್ದರೆ ಮೊದಲನೆಯದು. ಬೆಲೆ ತಾನಾಗಿ ಏರಿತು, ಅದು ರೈಸ್. ಅಂಗಡಿಯವನು ಬೆಲೆ ಏರಿಸಿದ, ಅದು ರೇಸ್. ಮಗು ಮಲಗಿದೆ, ಲೈ. ಮಗುವನ್ನು ಮಲಗಿಸಿದೆ, ಲೇ.

ಮಜಾ ಏನು ಅಂದರೆ ಇದು ಬರೀ ಹೋಲಿಕೆ ಅಲ್ಲ. ಇಂಗ್ಲಿಷ್‌ನ ಪೂರ್ವಜ ಭಾಷೆಯಲ್ಲಿ ನಮ್ಮ ಇಸುವಿನ ಕೆಲಸವನ್ನೇ ಮಾಡುವ ಒಂದು ಪ್ರತ್ಯಯ ನಿಜವಾಗಿಯೂ ಇತ್ತು. 'ಯ್' ಥರದ ಸದ್ದು ಅದರದು. ಕ್ರಿಯಾಪದದ ಕೊನೆಗೆ ಸೇರಿಕೊಂಡು 'ಮಾಡಿಸು' ಅನ್ನುವ ಅರ್ಥ ಕೊಡುತ್ತಿತ್ತು. ಅದು ತನ್ನ ಹಿಂದಿನ ಸ್ವರವನ್ನು ತನ್ನ ಕಡೆಗೆ ಎಳೆದು ಬದಲಾಯಿಸಿತು, ಆಮೇಲೆ ತಾನು ಉದುರಿಹೋಯಿತು. ಹಾಗಾಗಿ ಈಗ ಉಳಿದಿರುವುದು ಬದಲಾದ ಸ್ವರ ಮಾತ್ರ. ಸಿಟ್ ಇದ್ದದ್ದು ಸೆಟ್, ಫಾಲ್ ಇದ್ದದ್ದು ಫೆಲ್. ಡ್ರಿಂಕ್ ಅನ್ನುವುದಕ್ಕೆ ಡ್ರೆಂಚ್ ಕೂಡ ಹೀಗೇ ಹುಟ್ಟಿದ್ದು. ಮೊದಲು ಅದರ ಅರ್ಥ 'ಕುಡಿಸು' ಅಂತಲೇ, ಈಗ 'ತೋಯಿಸು' ಆಗಿದೆ. ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವುದಕ್ಕೆ ಪಶುವೈದ್ಯರು ಇವತ್ತಿಗೂ 'ಡ್ರೆಂಚಿಂಗ್' ಅನ್ನುತ್ತಾರೆ, ಹಳೆಯ ಅರ್ಥ ಅಲ್ಲಿ ಕೊಟ್ಟಿಗೆಯಲ್ಲಿ ಉಳಿದುಕೊಂಡಿದೆ. ರೇಸ್ ಮಾತ್ರ ಸ್ವಲ್ಪ ಬೇರೆ, ಅದು ಉತ್ತರದ ವೈಕಿಂಗರ ಮಾತಿನಿಂದ ಬಂದದ್ದು. ಅಲ್ಲೂ ಹುಟ್ಟಿದ ರೀತಿ ಇದೇ.

ಫೆಲ್ ಅನ್ನುವುದು ನಮ್ಮ ಮಲೆನಾಡಿನವರಿಗೆ ಗೊತ್ತಿರುತ್ತದೆ. ಮರ ಕಡಿಯಲು ಅರಣ್ಯ ಇಲಾಖೆಗೆ ಅರ್ಜಿ ಹಾಕುವಾಗ 'ಫೆಲ್ಲಿಂಗ್' ಪರ್ಮಿಷನ್ ಅನ್ನುತ್ತಾರಲ್ಲ, ಅದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಇಂಗ್ಲಿಷ್ ಪಾಠದ ತುಂಬ ಈ ಪದ ಇದೆ. ಅದು ಫಾಲ್‌ನ ಭೂತಕಾಲ ಅಲ್ಲ, 'ಬೀಳಿಸು'.

ಹಾಸನದ ಹುಡುಗಿ:
ಇದು ಎಷ್ಟು ಚೆನ್ನಾಗಿದೆ! ನಾಲ್ಕು ವರ್ಷ ಇಂಗ್ಲಿಷ್ ಆನರ್ಸ್ ಓದಿದ ನನ್ನ ಅಕ್ಕನಿಗೂ ಇದನ್ನು ಕಳಿಸಿದೆ. ಒಂದು ಪ್ರಶ್ನೆ. ಲೈ ಭೂತಕಾಲದಲ್ಲಿ ಲೇ ಆಗುತ್ತದೆ ಅಲ್ವಾ? ಆಗ ಎರಡೂ ಮತ್ತೆ ಕಲಸಿಹೋಗುವುದಿಲ್ವಾ?

ಪದಬೇಟೆ:
ಕಲಸಿಹೋಗುತ್ತವೆ, ಅದೇ ಹೊಂಡ. ಮಲಗು: ಲೈ, ಲೇ, ಲೇನ್. ಮಲಗಿಸು: ಲೇ, ಲೇಡ್, ಲೇಡ್. 'ನಿನ್ನೆ ಮಧ್ಯಾಹ್ನ ಸ್ವಲ್ಪ ಮಲಗಿದೆ' ಅಂದರೆ ಲೇ. 'ಹಾಸಿಗೆ ಮೇಲೆ ಮಗುವನ್ನು ಮಲಗಿಸಿದೆ' ಅಂದರೆ ಲೇಡ್. ಭೂತಕಾಲದಲ್ಲಿ ಡಿ ಇದ್ದರೆ ಇಸು ಇದೆ ಅಂತ ಇಟ್ಟುಕೊಳ್ಳಿ. ಕೋಳಿ ಮೊಟ್ಟೆ ಇಡುವುದು, ಇಟ್ಟಿಗೆ ಇಡುವುದು ಎಲ್ಲ ಇಸು ಗುಂಪಿಗೆ ಸೇರಿದ್ದು, ಏಕೆಂದರೆ ಇಡಲು ಏನಾದರೂ ವಸ್ತು ಬೇಕು. ಸುಳ್ಳು ಹೇಳುವ ಲೈ ಪೂರ್ತಿ ಬೇರೆ ಪದ, ಅದು ಲೈಡ್ ಆಗುತ್ತದೆ. ಅದನ್ನು ಇಲ್ಲಿ ಸೇರಿಸಬೇಡಿ, ತಲೆ ಕೆಡುತ್ತದೆ.

ಕಡಲತಡಿ:
ಮಾರಾಯ್ರೇ, ನೀವು ಇಸು ಅಂದ ಕೂಡಲೇ ನನಗೆ 'ಕೇಳು' ನೆನಪಾಯಿತು. ಕನ್ನಡದ ಈ ಒಂದು ಪದಕ್ಕೆ ಇಂಗ್ಲಿಷ್‌ನಲ್ಲಿ ಮೂರು ಬೇಕು. ಪ್ರಶ್ನೆ ಕೇಳಿದರೆ ಆಸ್ಕ್, ಹಾಡು ಕೇಳಿದರೆ ಲಿಸನ್, ಸದ್ದು ಕೇಳಿದರೆ ಹಿಯರ್. ಆದರೆ ಗಮನಿಸಿ, ಸದ್ದನ್ನು ನಾವು ಕೇಳುವುದಲ್ಲ, ಸದ್ದು ನಮಗೆ 'ಕೇಳಿಸುತ್ತದೆ'. ನಮ್ಮ ಪ್ರಯತ್ನ ಇಲ್ಲದೆ ಕಿವಿಗೆ ಬಿದ್ದರೆ ಹಿಯರ್, ಕಿವಿ ಕೊಟ್ಟರೆ ಲಿಸನ್. ಕಣ್ಣಿಗೂ ಹೀಗೇ. ಕಂಡದ್ದು ಸೀ, ನೋಡಿದ್ದು ಲುಕ್, ನೋಡುತ್ತಾ ಕೂತದ್ದು ವಾಚ್. ಹುಡುಕಿದೆ, ನೋಡಿದೆ, ಆದರೆ ಕಾಣಲಿಲ್ಲ. ಐ ಲುಕ್ಡ್ ಬಟ್ ಡಿಡ್ ನಾಟ್ ಸೀ. ಸರಿ ಕೂರುತ್ತದೆ ನೋಡಿ.

ಇನ್ನು ಕನ್ನಡದಲ್ಲಿ ಒಂದೇ ಪದ ಇದ್ದು ಮೋಸ ಹೋಗುವುದು. 'ನೆರಳು'. ಕೂರಲು ಬರುವ ನೆರಳು ಶೇಡ್, ಆಕಾರ ಇರುವ ನೆರಳು ಶ್ಯಾಡೋ. ಮರದ ಕೆಳಗೆ ಶ್ಯಾಡೋದಲ್ಲಿ ಕೂತೆ ಅಂತ ನಮ್ಮ ಮಕ್ಕಳು ಪ್ರಬಂಧದಲ್ಲಿ ಬರೆಯುತ್ತಾರೆ. 'ಬಟ್ಟೆ' ಇನ್ನೊಂದು. ಥಾನಿನಲ್ಲಿರುವುದು ಕ್ಲಾತ್, ಮೈಮೇಲಿರುವುದು ಕ್ಲೋತ್ಸ್. 'ಆಮೆ' ಮತ್ತೊಂದು. ನೆಲದ ಆಮೆ ಟಾರ್ಟಾಯ್ಸ್, ನಮ್ಮ ಹೊನ್ನಾವರ, ಕುಂದಾಪುರದ ಮರಳಿಗೆ ಮೊಟ್ಟೆ ಇಡಲು ಬರುವ ಕಡಲಾಮೆ ಟರ್ಟಲ್.

ಮತ್ತೆ ಚಿರತೆ, ಚೀತಾ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಪ್ರಾಣಿಗಳನ್ನು ಮಧ್ಯಪ್ರದೇಶದ ಕುನೋಗೆ ತಂದು ಬಿಟ್ಟಾಗ ಎಷ್ಟು ಜನ 'ಚಿರತೆ ತಂದರು' ಅಂತ ಬರೆದರು! ಚಿರತೆ ನಮ್ಮಲ್ಲಿ ಬೇಕಾದಷ್ಟಿದೆ, ತುಮಕೂರಿನಲ್ಲಿ ತೋಟಕ್ಕೇ ಬರುತ್ತದೆ, ನಮೀಬಿಯಾದಿಂದ ತರಬೇಕಾ? ಚಿರತೆ ಅಂದರೆ ಲೆಪರ್ಡ್, ಮೈಮೇಲೆ ಬಳೆಚೂರಿನ ಥರ ಗುಂಪು ಚುಕ್ಕಿ. ಚೀತಾಕ್ಕೆ ಗಟ್ಟಿ ಕಪ್ಪು ಚುಕ್ಕಿ, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ. ಕಬಿನಿಯಲ್ಲಿ ಎಲ್ಲರೂ ಫೋಟೋ ತೆಗೆಯಲು ಕಾಯುವ 'ಬ್ಲ್ಯಾಕ್ ಪ್ಯಾಂಥರ್' ಕೂಡ ಕಪ್ಪು ಬಣ್ಣದ ಲೆಪರ್ಡೇ, ಬೇರೆ ಜಾತಿ ಅಲ್ಲ.

ಡಲ್ಲಾಸ್‌ನಿಂದ:
ಅಮೆರಿಕಕ್ಕೆ ಬಂದ ಕನ್ನಡಿಗರಿಗೆ ಇನ್ನೊಂದು ತಾಪತ್ರಯ ಇದೆ. ಊರಲ್ಲಿ ಕಷ್ಟಪಟ್ಟು ಕಲಿತ ಜೋಡಿಗಳನ್ನು ಇಲ್ಲಿ ಮರೆಯಬೇಕು. 'ಲೈಸೆನ್ಸ್' ನೋಡಿ. ಬ್ರಿಟಿಷ್ ರೂಢಿಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅದಕ್ಕೇ ನಮ್ಮ ಆರ್‌ಟಿಓ ಕಾರ್ಡಿನ ಮೇಲೆ ಸಿ ಇದೆ. ಇಲ್ಲಿ ಎರಡಕ್ಕೂ ಎಸ್. 'ಪ್ರಾಕ್ಟೀಸ್' ಉಲ್ಟಾ, ಇಲ್ಲಿ ಎರಡಕ್ಕೂ ಸಿ. ಹಾಗಾಗಿ ಕಂಪ್ಯೂಟರ್ ಅಮೆರಿಕನ್ ಇಂಗ್ಲಿಷ್‌ಗೆ ಸೆಟ್ ಆಗಿದ್ದರೆ ಊರಿನ ಸರಿಯಾದ ಕಾಗುಣಿತಕ್ಕೂ ಕೆಂಪು ಗೆರೆ ಬೀಳುತ್ತದೆ. ಫೋನಿನ ಭಾಷೆಯಲ್ಲಿ 'ಇಂಗ್ಲಿಷ್, ಇಂಡಿಯಾ' ಆರಿಸಿಕೊಳ್ಳಲು ಹುಡುಗರಿಗೆ ಹೇಳಿ ಸರ್.

'ಆಲ್ಟರ್ನೇಟ್' ಕೂಡ. ನಮ್ಮ ಊರಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಅದು ಆಲ್ಟರ್ನೇಟ್. ನೀರು ಬರದಿದ್ದರೆ ಟ್ಯಾಂಕರ್ ತರಿಸುವ ಬದಲಿ ವ್ಯವಸ್ಥೆ ಆಲ್ಟರ್ನೇಟಿವ್. ಅಮೆರಿಕದವರು ಎರಡಕ್ಕೂ ಆಲ್ಟರ್ನೇಟ್ ಅಂದುಬಿಡುತ್ತಾರೆ. ಊರಿನ ಪರೀಕ್ಷೆ ಬರೆಯುವವರು ವ್ಯತ್ಯಾಸ ಇಟ್ಟುಕೊಳ್ಳುವುದೇ ಒಳ್ಳೆಯದು.

ಕೋಡುಬಳೆ:
ಎಲ್ಲರೂ ದೊಡ್ಡದೊಡ್ಡದು ಹೇಳುತ್ತಿದ್ದೀರಿ, 'ಅಫೆಕ್ಟ್' 'ಎಫೆಕ್ಟ್' ಯಾರೂ ಮುಟ್ಟಲಿಲ್ಲ. ನನಗೆ ಅದೇ ಬೇಕಿತ್ತು.

ಧಾರವಾಡದ ಪೇಢೆ:
ಅದು ಸುಲಭ ರೀ. ನಾಮಪದ ಎಫೆಕ್ಟ್, ಕ್ರಿಯಾಪದ ಅಫೆಕ್ಟ್.

ಪದಬೇಟೆ:
ಹತ್ತರಲ್ಲಿ ಒಂಬತ್ತು ಸಲ ಸರಿ. ಕನ್ನಡದಲ್ಲಿ ಕಷ್ಟ ಯಾಕೆ ಅಂದರೆ ನಾವು 'ಪರಿಣಾಮ ಬೀರಿತು', 'ಪರಿಣಾಮವಾಯಿತು' ಅಂತ ಎರಡೂ ಕಡೆ ಪರಿಣಾಮವನ್ನೇ ಎಳೆದು ತರುತ್ತೇವೆ. ಅದನ್ನು ಬಿಟ್ಟು 'ತಟ್ಟು' ಹಾಕಿ ನೋಡಿ. ಬರ ರಾಗಿ ಬೆಳೆಗೆ ತಟ್ಟಿತು. ಒಪ್ಪಿತು ಅಂದರೆ ಅಫೆಕ್ಟ್. 'ಬರದ ತಟ್ಟು' ಅನ್ನಲು ಆಗುವುದಿಲ್ಲ, 'ಬರದ ಪರಿಣಾಮ' ಅನ್ನಬೇಕು, ಅದು ಎಫೆಕ್ಟ್. ಉಳಿದ ಒಂದು ಸಲ: 'ಎಫೆಕ್ಟ್ ಎ ಚೇಂಜ್' ಅಂದರೆ ಬದಲಾವಣೆ ತರುವುದು, ಅಲ್ಲಿ ಎಫೆಕ್ಟ್ ಕ್ರಿಯಾಪದ. ಮನೋವೈದ್ಯರು 'ಆಫೆಕ್ಟ್' ಅಂತ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ರೋಗಿಯ ಮುಖದಲ್ಲಿ ಕಾಣುವ ಭಾವಕ್ಕೆ ಹೇಳುತ್ತಾರೆ, ಅದು ನಾಮಪದ. ಸರ್ಕಾರಿ ಪತ್ರ ಮತ್ತು ಆಸ್ಪತ್ರೆ ಬಿಟ್ಟರೆ ಇವೆರಡೂ ಎದುರಾಗುವುದು ಕಡಿಮೆ.

ಲಾರಿ ಹಿಂದೆ:
ನನ್ನದೂ ಒಂದು. ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಇರುತ್ತದೆ. ಗ್ಯಾಸ್ ಗಾಡಿ ಒಂದರ ಮೇಲೆ 'ಫ್ಲೇಮಬಲ್' ಅಂತ ನೋಡಿದೆ. ಇನ್ ಸೇರಿದರೆ ಉಲ್ಟಾ ಆಗಬೇಕಲ್ಲ, ಕರೆಕ್ಟ್ ಇನ್‌ಕರೆಕ್ಟ್ ಆದ ಹಾಗೆ?

ಪದಬೇಟೆ:
ಆಗುವುದಿಲ್ಲ ಅಣ್ಣ, ಎರಡೂ ಒಂದೇ: ಬೇಗ ಹೊತ್ತಿಕೊಳ್ಳುವುದು. ಇಲ್ಲಿನ 'ಇನ್' ಇಲ್ಲ ಅನ್ನುವ ಇನ್ ಅಲ್ಲ, ಲ್ಯಾಟಿನ್‌ನಲ್ಲಿ 'ಒಳಗೆ' ಅನ್ನುವ ಇನ್. ಹೊತ್ತಿಸು ಅನ್ನುವ ಲ್ಯಾಟಿನ್ ಕ್ರಿಯಾಪದದಲ್ಲೇ ಅದು ಸೇರಿಕೊಂಡಿತ್ತು. ನಿಮ್ಮ ಥರವೇ ಓದುವವರು ಉಲ್ಟಾ ತಿಳಿದು ಬೀಡಿ ಹಚ್ಚಿದರೆ ಕಷ್ಟ ಅಂತ ಕಳೆದ ಶತಮಾನದಲ್ಲಿ ಅಗ್ನಿಸುರಕ್ಷತೆಯವರು ಇನ್ ಕಿತ್ತು ಫ್ಲೇಮಬಲ್ ಅನ್ನುವುದನ್ನು ಚಾಲ್ತಿಗೆ ತಂದರು. ಹೊತ್ತದೇ ಇರುವುದಕ್ಕೆ 'ನಾನ್‌ಫ್ಲೇಮಬಲ್'. ಯಾವುದೇ ಬರೆದಿದ್ದರೂ ದೂರ ಇರಿ.

ಹಳೇಮೈಸೂರು:
'ಸ್ಟೇಷನರಿ' ಬೋರ್ಡುಗಳ ಬಗ್ಗೆಯೂ ಹೇಳಿ ಸ್ವಾಮಿ. ನಮ್ಮ ಬೀದಿಯ ಪುಸ್ತಕದಂಗಡಿ ಬೋರ್ಡಿನಲ್ಲಿ 'ಎ' ಇದೆ, ಅಂಗಡಿ ಅಲ್ಲಾಡುವುದಿಲ್ಲ ಅಂತ ಅರ್ಥ ಬರುತ್ತದಂತೆ?

ಪದಬೇಟೆ:
ಹೌದು, ಎ ಇದ್ದರೆ ನಿಂತಲ್ಲೇ ನಿಂತದ್ದು, ಇ ಇದ್ದರೆ ಪೆನ್ನು ಪೇಪರು. ಎನ್ವಲಪ್‌ನ ಇ ನೆನಪಿಟ್ಟುಕೊಂಡರೆ ಆಯಿತು. ಆದರೆ ನಿಮ್ಮ ಅಂಗಡಿಯವರನ್ನು ತೀರಾ ಬೈಯಬೇಡಿ. ಎರಡರ ಬೇರೂ ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ತಿರುಗಿ ಮಾರುವವರೇ ಜಾಸ್ತಿ. ವಿಶ್ವವಿದ್ಯಾಲಯದ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನನ್ನು 'ಸ್ಟೇಷನರ್' ಅಂದರು, ನಿಂತಲ್ಲೇ ಮಾರುವವನು ಅಂತ. ಅವನು ಮಾರಿದ ಸಾಮಾನು ಸ್ಟೇಷನರಿ ಆಯಿತು.

ಯಾಕ್ ಬೇಕ್ರೀ:
ಸರಿ, ಸೋತೆ. ಇಷ್ಟು ಹೊತ್ತು ಓದಿದ್ದೇನೆ, ಒಂದು ಪ್ರಶ್ನೆ ನನ್ನದೂ ಇರಲಿ. 'ಲೆಸ್' ಮತ್ತು 'ಫ್ಯೂವರ್'. ಎರಡಕ್ಕೂ ಕನ್ನಡದಲ್ಲಿ 'ಕಡಿಮೆ'. ಇಲ್ಲಿ ನಿಮ್ಮ ಕನ್ನಡದ ದಾರಿ ಏನು ಮಾಡುತ್ತದೆ?

ಸಂಜೆಪಾಠ:
'ಎಷ್ಟು' ಅನ್ನುವುದಕ್ಕೆ ಸಂಖ್ಯೆ ಉತ್ತರವಾದರೆ ಫ್ಯೂವರ್. ನೀರು, ಸಕ್ಕರೆ, ಸಮಯ ಥರ ಅಳೆಯುವುದಾದರೆ ಲೆಸ್. ನಾಲ್ಕು ಜನ ಕಡಿಮೆ ಬಂದರು, ಫ್ಯೂವರ್. ಸಾರಿಗೆ ಉಪ್ಪು ಕಡಿಮೆ, ಲೆಸ್. ಆದರೆ ದುಡ್ಡು, ದೂರ, ವಯಸ್ಸು ಇವಕ್ಕೆ ಸಂಖ್ಯೆ ಇದ್ದರೂ ಲೆಸ್ಸೇ. ಐನೂರು ರೂಪಾಯಿಗಿಂತ ಕಡಿಮೆ ಅಂದರೆ ಲೆಸ್.

ಪದಬೇಟೆ:
ಈ ನಿಯಮದ ಬಗ್ಗೆ ಜಾಸ್ತಿ ನಿಷ್ಠೆ ಬೇಡ. ಹಳೆಯ ಇಂಗ್ಲಿಷ್‌ನಲ್ಲಿ ಎಣಿಸುವುದಕ್ಕೂ ಲೆಸ್ ಬಳಸುತ್ತಿದ್ದರು. 1770ರಲ್ಲಿ ಒಬ್ಬ ಲೇಖಕ ಫ್ಯೂವರ್ ಅಂದರೆ ಇನ್ನೂ ಚೆನ್ನಾಗಿರುತ್ತದೆ ಅಂತ ತನ್ನ ಅಭಿರುಚಿ ಬರೆದ, ಮುಂದೆ ಬಂದವರು ಅದನ್ನೇ ಕಾನೂನು ಮಾಡಿದರು. ಪರೀಕ್ಷೆಯಲ್ಲಿ ಮಾತ್ರ ಸಂಜೆಪಾಠ ಸರ್ ಹೇಳಿದ ಹಾಗೇ ಬರೆಯಿರಿ, ಅಂಕ ಕೊಡುವವರಿಗೆ ಈ ಕಥೆ ಬೇಕಾಗಿಲ್ಲ.

ಹಾಸನದ ಹುಡುಗಿ:
ಸರ್, ಸಿನ್ಸ್ ವಿಷಯದಲ್ಲಿ ಒಂದು ಉಳಿಯಿತು. 'ಸಿನ್ಸ್ ಲಾಸ್ಟ್ ಮಂತ್' ಸರಿಯಾ, 'ಫಾರ್ ದ ಲಾಸ್ಟ್ ಮಂತ್' ಸರಿಯಾ? ಎರಡೂ ನೋಡಿದ್ದೇನೆ.

ಸಂಜೆಪಾಠ:
ಎರಡೂ ಸರಿ, ಅರ್ಥ ಬೇರೆ. ಮೊದಲನೆಯದು 'ಹೋದ ತಿಂಗಳಿಂದ'. ಇವತ್ತು ಜೂನ್ ಆದರೆ ಮೇ ತಿಂಗಳಲ್ಲಿ ಯಾವತ್ತೋ ಶುರುವಾದದ್ದು. ಅಲ್ಲಿ ತಿಂಗಳು ಒಂದು ಗುರುತು. ಎರಡನೆಯದು 'ಕಳೆದ ಒಂದು ತಿಂಗಳಿಂದ', ಇವತ್ತಿನಿಂದ ಹಿಂದಕ್ಕೆ ಎಣಿಸಿದರೆ ಹೆಚ್ಚುಕಡಿಮೆ ಮೂವತ್ತು ದಿನ. ಆ ನಡುವಿನ 'ದ' ಬಿಡಬೇಡಿ, 'ಫಾರ್ ಲಾಸ್ಟ್ ಮಂತ್' ಅಂತ ಬರೆದರೆ ಅರ್ಥ ಕೆಡುತ್ತದೆ.

ಹಾಸನದ ಹುಡುಗಿ:
ಹಾಗಾದರೆ ಅನುಭವದ ಕಾಲಂನಲ್ಲಿ 'ಫಾರ್ ದ ಲಾಸ್ಟ್ ಟು ಇಯರ್ಸ್' ಅಂತ ಹಾಕುತ್ತೇನೆ. ಥ್ಯಾಂಕ್ಸ್ ಸರ್.